ತೊಗರಿಗಾಗಿ ಮಾಡಿಸಿದ ಮೇಜು

ಎಳ್ಳ ಅಮಾವಾಸ್ಯೆಯಂದು ಚರಗ ಚೆಲ್ಲಲು ಹೊಲಕ್ಕೆ ಹೋದಾಗ ನಮ್ಮ ಲಾಸಾ ಆಪ್ಸೊ ನಾಯಿಯನ್ನೂ ಜೊತೆಗೆ ಕರೆದೊಯ್ದಿದ್ದೆವು. ಬೇಳೆಯ ಬಣ್ಣದ ಕೂದಲಿರುವುದರಿಂದ ಅವಳಿಗೆ ತೊಗರಿ ಎಂದೇ ಹೆಸರು. ವಯಸ್ಸು 4 ವರ್ಷ, ತೂಕ 7 ಕಿಲೋ. ಸಂಜೆ ಕಲಬುರಗಿಗೆ ಮರಳುವಷ್ಟರಲ್ಲಿ ಅವಳ ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಯ ಒಳಬದಿಯಲ್ಲಿ ಮುಳ್ಳುಬೀಜಗಳು ಸಿಕ್ಕಿಕೊಂಡಿದ್ದವು. ಅವನ್ನು ಬಿಡಿಸುವ ಮೊದಲೇ ನಾನು ಅವಳಿಗೆ ಸ್ನಾನ ಮಾಡಿಸಿದೆ. ಗಂಟುಬಿದ್ದ ಕೂದಲಿಗೆ ನೀರು ತಾಗಿದರೆ ಒಣಗುವಾಗ ಗಂಟು ಇನ್ನಷ್ಟು ಬಿಗಿಯುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಎರಡು ದಿನಗಳಲ್ಲಿ ಕೂದಲು ಜಡೆಗಟ್ಟಿ, ಬಾಚಣಿಗೆಯ ಹಲ್ಲು ಒಳಗೆ ಹೋಗದಂತಾಯಿತು.

ನಗರದಲ್ಲಿ ನಾಯಿಗಳ ಕೂದಲು ಕತ್ತರಿಸುವ ಒಂದು ಗ್ರೂಮಿಂಗ್ ಅಂಗಡಿಗೆ ಕರೆದೊಯ್ದೆ. ನನ್ನನ್ನು ಹೊರಗೆ ಕೂರಿಸಿ, ಇಬ್ಬರು ಹಿಡಿದುಕೊಂಡು ಒಬ್ಬರು ಕೂದಲು ಕತ್ತರಿಸುವ ಯಂತ್ರವಾದ ಕ್ಲಿಪ್ಪರ್ ನಡೆಸಿದರು. ಮುಕ್ಕಾಲು ಗಂಟೆಯ ನಂತರ ಒಂದು ಪಕ್ಕ ಮಾತ್ರ ಕತ್ತರಿಸಿದ ಸ್ಥಿತಿಯಲ್ಲಿ, ಹೊಟ್ಟೆಯ ಕೆಳಗೆಲ್ಲ ಮೂತ್ರದಿಂದ ತೊಯ್ದ ತೊಗರಿಯನ್ನು ಹೊರಗೆ ತಂದು, ಕಚ್ಚುವ ನಾಯಿಯನ್ನು ಇನ್ನು ತರಬೇಡಿ ಎಂದರು. ಆ ದಿನದಿಂದ ಬಾಚಣಿಗೆ ಕಂಡರೆ ಸಾಕು, ಅವಳು ಮಂಚದ ಕೆಳಗೆ ಸೇರಿಬಿಡುತ್ತಿದ್ದಳು.

ಈ ತಳಿಯ ಕೂದಲು ಉದುರುವುದು ಕಡಿಮೆ, ಬೆಳೆಯುತ್ತಲೇ ಇರುತ್ತದೆ. ಜಡೆಗಟ್ಟಿದ ಕೂದಲಿನ ಅಡಿಯಲ್ಲಿ ಚರ್ಮ ಒದ್ದೆಯಾಗಿ ಹುಣ್ಣಾಗುತ್ತದೆ, ಉಣ್ಣಿ ಸೇರಿಕೊಂಡರೂ ಕಾಣುವುದಿಲ್ಲ. ನಮ್ಮಲ್ಲಿ ಏಪ್ರಿಲ್ ಹೊತ್ತಿಗೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆರೇಳು ವಾರಕ್ಕೊಮ್ಮೆ ಪಳಗಿದ ಕೈಯಿಂದ ಕತ್ತರಿಸಿಕೊಳ್ಳುವುದು ಅವಳಿಗೆ ಅನಿವಾರ್ಯವಾದುದರಿಂದ, ಅದನ್ನು ಭಯವಿಲ್ಲದೆ ಸಹಿಸುವಂತೆ ಮಾಡುವುದು ನನ್ನ ಹೊಣೆಯಾಗಿತ್ತು. ಯುಗಾದಿಯೊಳಗೆ ಒಂದು ಪೂರ್ಣ ಕಟಾವು ಆಗಬೇಕೆಂದು ಗುರಿ ಇಟ್ಟುಕೊಂಡು ಮಾಡಿದ ಕೆಲಸದ ದಾಖಲೆ ಇದು. ಇದರಲ್ಲಿ ಅರ್ಧ ಬಡಗಿ ಮತ್ತು ನಲ್ಲಿ ಕೆಲಸ, ಇನ್ನರ್ಧ ನಾಯಿಯ ಜೊತೆಗಿನ ಕೆಲಸ. ಇವೆರಡನ್ನೂ ಬೇರ್ಪಡಿಸಿ ಹೇಳಲು ಬರುವುದಿಲ್ಲ.

ಮೊದಲು ಪಶುವೈದ್ಯರ ಬಳಿ ಹೋದೆ, ಇದೊಂದನ್ನು ಸರಿಯಾದ ಕ್ರಮದಲ್ಲಿ ಮಾಡಿದ್ದಕ್ಕೆ ನನಗೆ ಸಮಾಧಾನವಿದೆ. ಎಡಗಿವಿಯೊಳಗೆ ಸೋಂಕಾಗಿ ಕೆಂಪಾಗಿತ್ತು. ಕಿವಿಯ ಹತ್ತಿರ ಕೈ ಬಂದಾಗ ಅವಳು ಬಾಯಿ ಹಾಕುತ್ತಿದ್ದುದು ಹಟದಿಂದಲ್ಲ, ನೋವಿನಿಂದ. ನೋವಿರುವ ಜಾಗವನ್ನು ಮುಟ್ಟಿ ಎಷ್ಟು ತಿನಿಸು ಕೊಟ್ಟರೂ ನಾಯಿ ಕಲಿಯುವುದು ನೋವನ್ನೇ ಆದ್ದರಿಂದ, ಹದಿನಾಲ್ಕು ದಿನ ಕಿವಿಗೆ ಔಷಧ ಹಾಕುವವರೆಗೆ ಬೇರೆ ಯಾವ ಅಭ್ಯಾಸವನ್ನೂ ಆರಂಭಿಸಲಿಲ್ಲ. ಬಿಗಿದಿದ್ದ ಜಡೆಗಳನ್ನು ವೈದ್ಯರೇ ಮಂಪರು ಬರಿಸಿ ತೆಗೆದುಕೊಟ್ಟರು. ಕೂದಲನ್ನು ಎಳೆದೆಳೆದು ಬಿಡಿಸುವುದಕ್ಕಿಂತ ಅದೇ ದಯೆಯ ದಾರಿ.

ಈ ಹದಿನಾಲ್ಕು ದಿನ ನಾನು ಮಾಡಿದ್ದು ಗಮನಿಸುವ ಕೆಲಸ. ನಮ್ಮ ಬಚ್ಚಲಿಗೆ ಶಹಾಬಾದಿ ಫರಸಿ ಹಾಸಿದೆ. ಒಣಗಿದ್ದಾಗ ಒಳ್ಳೆಯ ಕಲ್ಲು; ಹಲವು ವರ್ಷ ತುಳಿದು ನುಣುಪಾದ ಮೇಲೆ ಸೋಪಿನ ನೀರು ಬಿದ್ದರೆ ಮನುಷ್ಯರ ಕಾಲೂ ನಿಲ್ಲುವುದಿಲ್ಲ. ಒಂದು ಸಂಜೆ ಒದ್ದೆಯಿದ್ದ ಬಚ್ಚಲಿಗೆ ತೊಗರಿ ತಾನಾಗಿ ನೀರು ಕುಡಿಯಲು ಬಂದಳು. ಬಗ್ಗಿ ಅವಳ ಪಾದಗಳನ್ನು ನೋಡಿದೆ. ಬೆರಳುಗಳು ಬೀಸಣಿಗೆಯಂತೆ ಅಗಲವಾಗಿ ಹರಡಿಕೊಂಡಿದ್ದವು, ಉಗುರುಗಳು ಕಲ್ಲನ್ನು ಕೆರೆಯುತ್ತಿದ್ದವು, ಹಿಂಗಾಲು ಎರಡೂ ನಿಧಾನವಾಗಿ ಹೊರಕ್ಕೆ ಸರಿಯುತ್ತಿದ್ದವು, ತೊಡೆಯ ಸ್ನಾಯು ಸಣ್ಣಗೆ ನಡುಗುತ್ತಿತ್ತು. ಅಲ್ಲಿ ಬಾಚಣಿಗೆ ಇರಲಿಲ್ಲ, ಕ್ಲಿಪ್ಪರ್ ಇರಲಿಲ್ಲ, ಅಪರಿಚಿತರೂ ಇರಲಿಲ್ಲ. ಆದರೂ ಅವಳು ತುಟಿ ನೆಕ್ಕಿಕೊಂಡು, ಕಣ್ಣಿನ ಬಿಳಿ ಕಾಣುವಂತೆ ಪಕ್ಕಕ್ಕೆ ನೋಡಿ, ನೀರು ಕುಡಿಯದೆಯೇ ಹೊರಟುಹೋದಳು. ಆ ಅಂಗಡಿಯ ಮೇಜಿನ ಮೇಲೆ ನುಣುಪಾದ ಸ್ಟೀಲ್ ಹಾಳೆ ಇದ್ದುದು ನನಗೆ ಆಗ ನೆನಪಾಯಿತು. ಅವಳ ಭಯ ಕತ್ತರಿಯಿಂದ ಶುರುವಾದದ್ದಲ್ಲ, ಕಾಲು ಜಾರುವುದರಿಂದ ಶುರುವಾದದ್ದು. ಜಾರುವ ಕಾಲು, ಎತ್ತರ, ಸದ್ದು, ಕಂಪನ, ಅಪರಿಚಿತ ಕೈ ಇವೆಲ್ಲ ಒಂದೇ ಸಲ ಮೇಲೆ ಬಿದ್ದಾಗ ಯಾವ ಪ್ರಾಣಿಯೂ ಹಲ್ಲು ತೋರಿಸುತ್ತದೆ. ಇವನ್ನು ಒಂದೊಂದಾಗಿ ಬಿಡಿಸಬೇಕಾದರೆ, ಎತ್ತರವನ್ನು ನಾನು ಬೇಕೆಂದಂತೆ ಬದಲಿಸಬಹುದಾದ, ಕಾಲು ಜಾರದ ಮೇಜೊಂದು ಮನೆಯಲ್ಲೇ ಬೇಕಿತ್ತು.

ಮೇಜಿನ ಹಲಗೆಗೆ 18 ಮಿ.ಮೀ. ದಪ್ಪದ, ಐಎಸ್ 710 ಗುರುತಿನ ಪ್ಲೈವುಡ್ ಆರಿಸಿದೆ. ಅದು ನೀರು ಬಿದ್ದರೂ ಪದರ ಬಿಡದ ದರ್ಜೆ. ಅಡುಗೆಮನೆಯ ಕೆಲಸದಲ್ಲಿ ಉಳಿದಿದ್ದ ತುಂಡನ್ನು ಬಡಗಿಯೊಬ್ಬರು 90 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲಕ್ಕೆ ಕೊಯ್ದು, ನಾಲ್ಕೂ ಮೂಲೆಗಳನ್ನು ದುಂಡಗೆ ಮಾಡಿಕೊಟ್ಟರು. ಇಷ್ಟು ಚಿಕ್ಕ ನಾಯಿಗೆ ಈ ಅಳತೆ ತುಸು ಹೆಚ್ಚೇ. ಆದರೆ ಅವಳು ಒಂದು ಸುತ್ತು ತಿರುಗಿ ಮಲಗುವಷ್ಟು ಜಾಗ ಇರಲೆಂಬುದು ನನ್ನ ಉದ್ದೇಶವಾಗಿತ್ತು.

ಕಾಲುಗಳಿಗೆ 1 ಇಂಚಿನ ಜಿಐ (ಸತು ಲೇಪಿತ ಕಬ್ಬಿಣದ) ಪೈಪು. ಅಂಗಡಿಯಲ್ಲಿ ಪೈಪು 6 ಮೀಟರಿನ ಉದ್ದದಲ್ಲಿ ಸಿಗುತ್ತದೆ. 15, 40 ಮತ್ತು 75 ಸೆಂ.ಮೀ.ಗಳ ಮೂರು ಜೊತೆ ಕಾಲು, ಒಂದೊಂದು ಜೊತೆಗೆ ನಾಲ್ಕರಂತೆ ಹನ್ನೆರಡು ತುಂಡು ಕೊಯ್ದರೆ ಒಟ್ಟು 5.2 ಮೀಟರು ಬೇಕು. ಹೀಗಾಗಿ ಒಂದೇ ಪೈಪಿನಲ್ಲಿ ಮುಗಿಯಿತು. ಪ್ರತಿ ತುಂಡಿನ ಒಂದು ತುದಿಗೆ ಮಾತ್ರ ಥ್ರೆಡ್ ಹಾಕಿಸಿ, ಇನ್ನೊಂದು ತುದಿಗೆ ರಬ್ಬರ್ ಬುಷ್ ತೊಡಿಸಿದೆ. ಹಲಗೆಯ ಕೆಳಗೆ, ಪೈಪನ್ನು ತಿರುಗಿಸಿ ಕೂರಿಸುವ ತೂತಿನ ಬಿಲ್ಲೆಗಳಾದ ನಾಲ್ಕು ಫ್ಲೇಂಜ್‌ಗಳನ್ನು ಚಪ್ಪಟೆ ತಲೆಯ ಬೋಲ್ಟು ಹಾಕಿ ಕೂರಿಸಿದ್ದರಿಂದ, ಕಾಲುಗಳನ್ನು ಕೈಯಿಂದಲೇ ತಿರುಗಿಸಿ ಬಿಚ್ಚಿ ಬದಲಿಸಬಹುದಾಯಿತು. ಬೋಲ್ಟಿನ ತಲೆಗಳು ಮರದೊಳಗೆ ಪೂರ್ತಿ ಇಳಿಯುವಂತೆ ಕುಳಿ ತೆಗೆಯುವುದನ್ನು ಮರೆಯಬಾರದು, ಇಲ್ಲದಿದ್ದರೆ ಮೇಲಿನ ಹಾಸು ಉಬ್ಬುತ್ತದೆ.

ಮೇಲಿನ ಹಾಸಿಗಾಗಿ 5 ಮಿ.ಮೀ. ದಪ್ಪದ, ಸಣ್ಣ ಗೀರುಗಳಿರುವ ಕರಿ ರಬ್ಬರ್ ಮ್ಯಾಟ್ ತಂದು ರಬ್ಬರ್ ಅಂಟಿನಿಂದ ಅಂಟಿಸಿದೆ. ಅಂಟಿನ ವಾಸನೆ ನಮಗೇ ತಲೆ ಹಿಡಿಯುವಂತಿತ್ತು. ನಾಯಿಯ ಮೂಗಿಗೆ ಅದು ಇನ್ನೆಷ್ಟು ಎಂದು ಯೋಚಿಸಿ, ಹಲಗೆಯನ್ನು ಎಂಟು ದಿನ ಮಾಳಿಗೆಯ ಮೇಲೆ ಗಾಳಿಗೆ ಇಟ್ಟೆ.

ಮೊದಲ ವಾರ ಹಲಗೆಗೆ ಕಾಲು ಜೋಡಿಸಲೇ ಇಲ್ಲ. ನಡುಮನೆಯ ನೆಲದ ಮೇಲೆ ಹಲಗೆ ಹಾಕಿ, ಪಕ್ಕದಲ್ಲಿ ಕುಳಿತು, ಅವಳು ಅದನ್ನು ನೋಡಿದರೆ ಒಂದು ಚೂರು, ಮೂಸಿದರೆ ಒಂದು ಚೂರು, ಒಂದು ಕಾಲಿಟ್ಟರೆ ಎರಡು ಚೂರು ಕೊಟ್ಟೆ. ಚೂರೆಂದರೆ ಉಪ್ಪು ಖಾರ ಏನೂ ಹಾಕದೆ ಬೇಯಿಸಿದ ಕೋಳಿಯ ಲಿವರ್, ಬಟಾಣಿ ಕಾಳಿನಷ್ಟು. ದಿನದ ಆಹಾರದ ಹತ್ತನೇ ಒಂದು ಭಾಗವನ್ನು ತಿನಿಸು ಮೀರದಂತೆ ನೋಡಿಕೊಂಡು ಅವಳ ಊಟವನ್ನು ಅಷ್ಟು ಕಡಿಮೆ ಮಾಡಿದೆ. ಮನೆಯಲ್ಲಿ ಸುಲಭವಾಗಿ ಕೈಗೆ ಸಿಗುವುದೆಂದು ಶೇಂಗಾ ಹಿಂಡಿ ಸವರಿದ ರೊಟ್ಟಿಯ ಚೂರನ್ನು ಕೊಡುವವರನ್ನು ಕಂಡಿದ್ದೇನೆ. ಅದರಲ್ಲಿ ಬೆಳ್ಳುಳ್ಳಿ ಇರುತ್ತದೆ. ಬೆಳ್ಳುಳ್ಳಿ, ಉಳ್ಳಾಗಡ್ಡಿ ಎರಡೂ ನಾಯಿಯ ರಕ್ತಕಣಗಳಿಗೆ ಹಾನಿ ಮಾಡುತ್ತವೆ, ದಯವಿಟ್ಟು ಕೊಡಬೇಡಿ. ಮೂರನೆಯ ದಿನ ನಾಲ್ಕೂ ಕಾಲು ಹಲಗೆಯ ಮೇಲೆ ಬಂದವು. ಐದನೆಯ ದಿನ ನಾನು ಬಟ್ಟೆ ಮಡಚುತ್ತ ಕುಳಿತಿದ್ದಾಗ ಅವಳೇ ಹೋಗಿ ಅದರ ಮೇಲೆ ಮಲಗಿದ್ದಳು. ಬೆರಳುಗಳು ಒಂದಕ್ಕೊಂದು ಕೂಡಿಕೊಂಡು ಸಡಿಲವಾಗಿದ್ದವು.

15 ಸೆಂ.ಮೀ. ಕಾಲು ಜೋಡಿಸಿದ ಮೇಲೆ ಅವಳು ನಾಲ್ಕು ದಿನಗಳಲ್ಲಿ ತಾನಾಗಿ ಹತ್ತಿ ಇಳಿಯತೊಡಗಿದಳು. 40ಕ್ಕೆ ಒಂಬತ್ತು ದಿನ ಬೇಕಾದವು. ಇಲ್ಲಿಂದ ಮುಂದೆ ಅವಳನ್ನು ಎತ್ತಿಯೇ ಏರಿಸಬೇಕಾದುದರಿಂದ, ಪ್ರತಿ ಸಲವೂ "ಎತ್ತತೀನಿ" ಎಂದು ಹೇಳಿ, ಒಂದು ಕ್ಷಣ ತಡೆದು, ಒಂದು ಕೈ ಎದೆಯ ಕೆಳಗೆ, ಇನ್ನೊಂದು ಪೃಷ್ಠದ ಕೆಳಗೆ ಕೊಟ್ಟು ಎತ್ತುತ್ತಿದ್ದೆ. ಮಾತು ಮೊದಲು, ಕೈ ನಂತರ. ಹೇಳದೆ ಎತ್ತಿದರೆ ಅವಳು ಪ್ರತಿ ಗಳಿಗೆಯೂ ಯಾರೋ ಎತ್ತಿಯಾರು ಎಂಬ ಎಚ್ಚರದಲ್ಲೇ ಇರಬೇಕಾಗುತ್ತದೆ.

75 ಸೆಂ.ಮೀ.ನ ಕಾಲು ಜೋಡಿಸಿದ ದಿನ ಎಲ್ಲವೂ ಹಿಂದೆ ಸರಿಯಿತು. ಏರಿಸಿದ ಕೂಡಲೇ ತೊಗರಿ ಹೊಟ್ಟೆಯನ್ನು ಮ್ಯಾಟಿಗೆ ಒತ್ತಿ, ಬಾಲ ಮುದುರಿ, ಮೂಗಿನ ಮುಂದೆ ಹಿಡಿದ ಲಿವರನ್ನು ಮೂಸಲೂ ಇಲ್ಲ. ಹಸಿದ ನಾಯಿ ಮೆಚ್ಚಿನ ತಿನಿಸನ್ನು ಬಿಟ್ಟಿತೆಂದರೆ ಅವಳ ಸಹನೆಯ ಗೆರೆ ದಾಟಿದೆ ಎಂದೇ ಅರ್ಥ. ಅಲ್ಲಿ ಮುಂದುವರಿಯುವುದರಲ್ಲಿ ಲಾಭವಿಲ್ಲ. ತಕ್ಷಣ ಇಳಿಸಿದೆ. ಎತ್ತರವೇ ಕಾರಣವೆಂದು ಮೊದಲು ಅಂದುಕೊಂಡೆ. ಆಮೇಲೆ ಒಂದು ಚೊಂಬಿನ ತುಂಬ, ಅಂಚಿನವರೆಗೆ ನೀರು ತುಂಬಿ ಮೇಜಿನ ನಡುವೆ ಇಟ್ಟು, ಹಲಗೆಯ ಅಂಚನ್ನು ಬೆರಳಿನಿಂದ ಸ್ವಲ್ಪ ತಳ್ಳಿದೆ. ನೀರು ಹೊರಚೆಲ್ಲಿತು. ನಮ್ಮ ಕಣ್ಣಿಗೆ ನೆಟ್ಟಗೆ ನಿಂತಂತೆ ಕಾಣುತ್ತಿದ್ದ ಮೇಜು ಅವಳ ಪಾದಗಳಿಗೆ ತೂಗುತ್ತಿತ್ತು.

ದೋಷ ಎರಡು ಇದ್ದವು. ಒಂದು, ನೆಲದ ಫರಸಿಗಳು ಒಂದೇ ಮಟ್ಟದಲ್ಲಿಲ್ಲದ ಕಾರಣ ಒಂದು ಕಾಲು ಸುಮಾರು 4 ಮಿ.ಮೀ. ಗಾಳಿಯಲ್ಲಿತ್ತು. 1 ಇಂಚಿನ ಪೈಪಿಗೆ ಇಂಚಿಗೆ 11 ಸುತ್ತಿನ ಥ್ರೆಡ್ ಇರುತ್ತದೆ, ಅಂದರೆ ಒಂದು ಸುತ್ತು ಬಿಚ್ಚಿದರೆ ಕಾಲು 2.3 ಮಿ.ಮೀ. ಕೆಳಗಿಳಿಯುತ್ತದೆ. ಆ ಕಾಲನ್ನು ಎರಡಕ್ಕೆ ತುಸು ಕಡಿಮೆ ಸುತ್ತು ಬಿಚ್ಚಿದಾಗ ಅದು ನೆಲಕ್ಕೆ ಮುಟ್ಟಿತು. ಹಾಗೆ ಬಿಚ್ಚಿದ ಕಾಲು ಸಡಿಲವಾಗಿಯೇ ಇರುವುದರಿಂದ, ಆ ತುಂಡಿಗೆ ಉದ್ದನೆಯ ಥ್ರೆಡ್ ಹಾಕಿಸಿ, ಕಾಲು ತಿರುಗದಂತೆ ಹಿಡಿಯುವ ಚೆಕ್ ನಟ್ ತೊಡಿಸಿ, ಫ್ಲೇಂಜಿಗೆ ಬಿಗಿಯಾಗಿ ಒತ್ತಿ ನಿಲ್ಲಿಸಿದೆ.

ಎರಡನೆಯದು ದೊಡ್ಡ ದೋಷ. ಕಾಲುಗಳು ಮೇಲ್ತುದಿಯಲ್ಲಿ ಮಾತ್ರ ಹಿಡಿತ ಹೊಂದಿದ್ದವು. ನೆಲದಿಂದ 20 ಸೆಂ.ಮೀ. ಮೇಲೆ ನಾಲ್ಕೂ ಬದಿಗೆ ಕಬ್ಬಿಣದ ಅಡ್ಡಪಟ್ಟಿಗಳನ್ನು ಯು ಕ್ಲ್ಯಾಂಪ್ ಹಾಕಿ ಕಟ್ಟಿದೆ. ಅಲುಗಾಟ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಥ್ರೆಡ್ ಹಾಕಿಕೊಟ್ಟಿದ್ದ ಪ್ಲಂಬರ್ ಬಂದು ಕೈಯಿಂದ ಒಮ್ಮೆ ಅಲ್ಲಾಡಿಸಿ ನೋಡಿದರು. "ಅಕ್ಕಾರ, ಬರೇ ಅಡ್ಡಪಟ್ಟಿ ಹಾಕಿದ್ರ ಇದು ನಿಂದರಂಗಿಲ್ರಿ. ಮೂಲಿಯಿಂದ ಮೂಲಿಗಿ ಕ್ರಾಸ್ ಪಟ್ಟಿ ಹಾಕ್ರಿ, ಆಮ್ಯಾಲ ನೋಡ್ರಿ" ಎಂದರು. ನಾಲ್ಕು ಬದಿಯ ಚೌಕಟ್ಟನ್ನು ಒತ್ತಿದರೆ ಅದು ವಾಲಿ ಓರೆಯಾಗಬಲ್ಲದು. ಕ್ರಾಸ್ ಪಟ್ಟಿ ಅದನ್ನು ಎರಡು ತ್ರಿಕೋನ ಮಾಡುತ್ತದೆ, ಮೂರು ಬದಿಯ ಚೌಕಟ್ಟಿಗೆ ಹಾಗೆ ವಾಲಲು ಆಸ್ಪದವಿಲ್ಲ. ಹಿಂಬದಿಗೆ ಒಂದು, ಎರಡೂ ಪಕ್ಕಗಳಿಗೆ ಒಂದೊಂದು ಕ್ರಾಸ್ ಪಟ್ಟಿ ಬಿದ್ದ ಮೇಲೆ ಚೊಂಬಿನ ನೀರು ಬರಿಯ ಒಂದು ಸಣ್ಣ ಅಲೆ ಎದ್ದು ಶಾಂತವಾಯಿತು. ಎದುರಿನ ಬದಿಯನ್ನು ಕೆಲಸ ಮಾಡುವವರ ಮೊಣಕಾಲಿಗೆ ತೆರವಾಗಿ ಬಿಟ್ಟೆ. ತೊಗರಿಯನ್ನು ಮತ್ತೆ 40ರಿಂದಲೇ ಆರಂಭಿಸಿ, ಹತ್ತು ದಿನಗಳ ನಂತರ 75ಕ್ಕೆ ಏರಿಸಿದಾಗ ಅವಳು ನಿಂತುಕೊಂಡೇ ಲಿವರ್ ತಿಂದಳು.

ಮೇಜಿಗೆ ಕಂಬ ನೆಟ್ಟು ಕೊರಳಿಗೆ ಕುಣಿಕೆ ಹಾಕುವ ವ್ಯವಸ್ಥೆಯನ್ನು ನಾನು ಮಾಡಲಿಲ್ಲ. ಕುಣಿಕೆ ಹಾಕಿದ ನಾಯಿಯನ್ನು ಬಿಟ್ಟು ಒಂದು ಕ್ಷಣ ಅತ್ತ ತಿರುಗಿದರೂ, ಅದು ಕೆಳಗೆ ಹಾರಿದರೆ ನೇಣಾಗುತ್ತದೆ. ಮನೆಯಲ್ಲಿ ಅವ್ವ ಎದುರಿಗೆ ಕುಳಿತು ಅವಳ ಎದೆಗೆ ಅಂಗೈ ಆನಿಸಿರುತ್ತಿದ್ದರು, ಅಷ್ಟೇ ಸಾಕಾಯಿತು. ಆದರೆ ಹೊರಗಿನ ಗ್ರೂಮರ್ ಕುಣಿಕೆ ಬಳಸುವುದು ಸಾಮಾನ್ಯವಾದ ಕಾರಣ, ಬಟ್ಟೆಯ ಪಟ್ಟಿಯೊಂದನ್ನು ಕೊರಳ ಸುತ್ತ ಸಡಿಲವಾಗಿ ಇಡುವ, ತೆಗೆಯುವ ಅಭ್ಯಾಸವನ್ನು ಬೇರೆಯಾಗಿಯೇ ಮಾಡಿಸಿದೆ.

ಕ್ಲಿಪ್ಪರಿನ ವಿಷಯದಲ್ಲಿ ತಪ್ಪು ಮಾಡಿದ್ದು ನಾನೇ. ಮನುಷ್ಯರ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ ನಾಯಿಗೆ ಸುಮಾರು 45,000ದವರೆಗೆ ಕೇಳಿಸುತ್ತದೆ. ನಮಗೆ ಮೆಲ್ಲಗಿನ ಗುಂಯ್ ಎನಿಸುವ ಯಂತ್ರದಲ್ಲಿ ಅವಳಿಗೆ ಇನ್ನೇನೇನು ಕೇಳಿಸುತ್ತದೋ. ಅದಕ್ಕಾಗಿ ಕ್ಲಿಪ್ಪರನ್ನು ದುಪ್ಪಟಿಯಲ್ಲಿ ಸುತ್ತಿ, ಪಕ್ಕದ ಕೋಣೆಯಲ್ಲಿಟ್ಟು ಶುರು ಮಾಡಿದ್ದು ಸರಿಯಾಗಿತ್ತು. ಆದರೆ ಅವಳು ಬೆದರಬಾರದೆಂದು ಮೊದಲು ಲಿವರ್ ತೋರಿಸಿ, ಅವಳು ತಿನ್ನತೊಡಗಿದ ಮೇಲೆ ಸ್ವಿಚ್ ಹಾಕುತ್ತಿದ್ದೆ. ನಾಲ್ಕನೆಯ ದಿನ ಡಬ್ಬಿಯ ಮುಚ್ಚಳ ತೆಗೆದ ಸದ್ದಿಗೇ ಅವಳು ಎದ್ದು ಮಂಚದ ಕೆಳಗೆ ಹೋದಳು. ಲಿವರ್ ಬಂದರೆ ಅದರ ಹಿಂದೆಯೇ ಆ ಸದ್ದು ಬರುತ್ತದೆ ಎಂದು ನಾನೇ ಕಲಿಸಿದ್ದೆ. ನನಗೆ ಆ ಸಂಜೆ ಬಹಳ ಸಂಕಟವಾಯಿತು.

ಮೂರು ದಿನ ಕ್ಲಿಪ್ಪರನ್ನು ಕಪಾಟಿನಲ್ಲಿಟ್ಟು, ಡಬ್ಬಿಯನ್ನೂ ಬದಲಿಸಿ, ಕ್ರಮವನ್ನು ತಿರುಗಿಸಿದೆ. ಮೊದಲು ಸದ್ದು, ಒಂದು ಎಣಿಕೆಯ ನಂತರ ಲಿವರ್. ಸದ್ದು ನಿಂತ ಕೂಡಲೇ ಲಿವರೂ ನಿಲ್ಲುತ್ತದೆ. ದಿನಕ್ಕೆ ಎರಡು ಸಲ, ಒಂದು ಸಲಕ್ಕೆ ಮೂರು ನಿಮಿಷ ಮೀರದಂತೆ. ಒಂದು ವಾರದೊಳಗೆ ಪಕ್ಕದ ಕೋಣೆಯಲ್ಲಿ ಗುಂಯ್ ಎಂದರೆ ಅವಳು ನನ್ನ ಮುಖ ನೋಡಿ ಬಾಲ ಅಲ್ಲಾಡಿಸಲು ಕಲಿತಳು. ಆಮೇಲೆ ದುಪ್ಪಟಿ ತೆಗೆದೆ, ಬಾಗಿಲು ದಾಟಿಸಿದೆ, ನಾಲ್ಕು ಮೀಟರಿನಿಂದ ಮೂರಕ್ಕೆ, ಎರಡಕ್ಕೆ ತಂದೆ. ಕಂಪನವನ್ನು ಬೇರೆಯಾಗಿ ಕಲಿಸಿದೆ: ಬ್ಲೇಡು ತೆಗೆದ ಕ್ಲಿಪ್ಪರಿನ ಹಿಂಬದಿಯನ್ನು ನನ್ನ ಅಂಗೈಯ ಹಿಂದೆ ಹಿಡಿದು, ಆ ಅಂಗೈಯನ್ನು ಅವಳ ಭುಜದ ಮೇಲಿಟ್ಟರೆ ಕಂಪನ ನನ್ನ ಕೈಯ ಮೂಲಕ ಮೆತ್ತಗೆ ಅವಳಿಗೆ ತಲುಪುತ್ತದೆ. ಕಿವಿಯ ಹತ್ತಿರಕ್ಕೆ ಹೋದದ್ದು ಎಲ್ಲಕ್ಕಿಂತ ಕೊನೆಗೆ.

ಈ ಹಂತದಲ್ಲಿ ನನಗೆ ಹೆಚ್ಚು ನೆರವಾದದ್ದು, ನಾಯಿಗೇ ಬೇಡವೆನ್ನುವ ಹಕ್ಕು ಕೊಡುವ ವಿಧಾನ. ಚಿರಾಗ್ ಪಟೇಲ್ ಎಂಬ ತರಬೇತುದಾರರು ರೂಪಿಸಿದ ಬಕೆಟ್ ಗೇಮ್‌ನಲ್ಲಿ, ನಾಯಿ ತಿನಿಸಿರುವ ಬಕೆಟ್ಟನ್ನು ನೋಡುತ್ತಿರುವವರೆಗೆ ಮಾತ್ರ ಮೈಮುಟ್ಟುವ ಕೆಲಸ ನಡೆಯುತ್ತದೆ. ಅದು ದೃಷ್ಟಿ ತೆಗೆದ ಕೂಡಲೇ ಕೈ ನಿಲ್ಲುತ್ತದೆ. ನಾನು ಅದೇ ನಿಯಮವನ್ನು ಮಡಚಿದ ಟವೆಲ್ಲಿಗೆ ಅಳವಡಿಸಿಕೊಂಡೆ. ತೊಗರಿ ಗದ್ದವನ್ನು ಟವೆಲ್ಲಿನ ಮೇಲಿಟ್ಟರೆ ಬಾಚಣಿಗೆ ನಡೆಯುತ್ತದೆ, ಗದ್ದ ಎತ್ತಿದರೆ ಬಾಚಣಿಗೆ ಗಾಳಿಯಲ್ಲೇ ನಿಲ್ಲುತ್ತದೆ. ಆರಂಭದಲ್ಲಿ ಅವಳು ಎರಡು ಎಳೆತಕ್ಕೊಮ್ಮೆ ಗದ್ದ ಎತ್ತಿ, ನಿಜವಾಗಿ ನಿಲ್ಲುತ್ತದೆಯೇ ಎಂದು ನನ್ನ ಕೈಯನ್ನೇ ನೋಡುತ್ತಿದ್ದಳು. ಪ್ರತಿ ಸಲವೂ ನಿಂತಿತು. ಹತ್ತು ದಿನಗಳಾದ ಮೇಲೆ ಒಂದು ಪಕ್ಕವನ್ನು ಪೂರ್ತಿ ಬಾಚುವವರೆಗೆ ಗದ್ದ ಅಲ್ಲಾಡಲಿಲ್ಲ. ನಿಲ್ಲಿಸಿದರೆ ಕೆಲಸ ಮುಗಿಯುವುದೇ ಇಲ್ಲವೆಂದು ಮನೆಯವರು ಹೇಳಿದ್ದರು, ನಿಲ್ಲಿಸಿದ್ದರಿಂದಲೇ ಮುಗಿಯಿತು.

ಗ್ರೂಮರ್‌ನನ್ನು ಈ ಬಾರಿ ಹುಡುಕುವಾಗ ದರ ಕೇಳಲಿಲ್ಲ. ನಾನು ಪಕ್ಕದಲ್ಲಿ ನಿಲ್ಲಬಹುದೇ, ನಾಯಿ ಹೆದರಿದರೆ ಅರ್ಧಕ್ಕೆ ನಿಲ್ಲಿಸುವಿರಾ, ಬ್ಲೇಡು ಬಿಸಿಯಾಗಿದೆಯೇ ಎಂದು ಹೇಗೆ ನೋಡುತ್ತೀರಿ ಎಂದು ಕೇಳಿದೆ. ಹೆಚ್ಚು ಹೊತ್ತು ನಡೆದ ಬ್ಲೇಡು ಚರ್ಮ ಸುಡುವಷ್ಟು ಕಾಯುತ್ತದೆ. ನಿಮಿಷಕ್ಕೊಮ್ಮೆ ತನ್ನ ಮಣಿಕಟ್ಟಿನ ಒಳಬದಿಗೆ ಮುಟ್ಟಿಸಿ ನೋಡುತ್ತೇನೆ ಎಂದು ತೋರಿಸಿದ ಒಬ್ಬ ಯುವಕ ನನಗೆ ಒಪ್ಪಿಗೆಯಾದ. ಮೊದಲ ಭೇಟಿಗೆ ಹೋದಾಗ ಆತ ನೆಲದ ಮೇಲೆಯೇ ಕುಳಿತು, ತೊಗರಿಗೆ ಬೆನ್ನು ಕೊಟ್ಟು, "ಅಕ್ಕಾರ, ಇವತ್ತು ಬರೇ ತೂಕ ನೋಡಿ ಕಳಸ್ತೀನ್ರಿ, ಕತ್ತರಿ ಮುಟ್ಟಂಗಿಲ್ಲ" ಎಂದ. ಮೂರು ಭೇಟಿಗಳು ಹೀಗೆಯೇ ಆದವು: ತೂಕ, ಲಿವರ್, ಮನೆ. ಅವನ ಮೇಜಿನ ಮೇಲೆ ಹಾಸಲು ಮನೆಯ ಮ್ಯಾಟಿನದೇ ಉಳಿದ ತುಂಡನ್ನು ನಾನು ಒಯ್ಯುತ್ತಿದ್ದೆ. ಪಾದಕ್ಕೆ ಪರಿಚಯದ ಹಾಸು ಸಿಕ್ಕಿದರೆ ಅರ್ಧ ಅಪರಿಚಿತತನ ಕಳೆಯುತ್ತದೆ. ನಾಲ್ಕನೆಯ ಭೇಟಿಯಲ್ಲಿ ಐದು ನಿಮಿಷ ಬಾಚಿದ, ಐದನೆಯದರಲ್ಲಿ ಪಾದದ ಅಡಿಯ ಕೂದಲು ಕತ್ತರಿಸಿದ. ಖಾಲಿ ಭೇಟಿಗಳಿಗೂ ನಾನು ಹಣ ಕೊಟ್ಟೆ. ಅದು ಅವನ ಸಮಯ.

ಪೂರ್ಣ ಕಟಾವು ಯುಗಾದಿಗೆ ಎಂಟು ದಿನ ಮೊದಲು, ಬೆಳಿಗ್ಗೆ ಬಿಸಿಲೇರುವ ಮುಂಚೆ ನಡೆಯಿತು. ಬೇಸಿಗೆಯೆಂದು ನುಣ್ಣಗೆ ಬೋಳಿಸುವುದು ಬೇಡವೆಂದು ಮೊದಲೇ ಮಾತಾಗಿತ್ತು. ಬ್ಲೇಡಿನ ಸಂಖ್ಯೆ ಹೆಚ್ಚಿದಷ್ಟೂ ಕೂದಲು ಗಿಡ್ಡವಾಗುತ್ತದೆ. 10ನೇ ಸಂಖ್ಯೆಯದು ಸುಮಾರು 1.5 ಮಿ.ಮೀ. ಮಾತ್ರ ಉಳಿಸುತ್ತದೆ, ಅಷ್ಟಾದರೆ ನಮ್ಮ ಬಿಸಿಲು ನೇರ ಚರ್ಮಕ್ಕೆ ತಾಗುತ್ತದೆ. ಬ್ಲೇಡಿನ ಮೇಲೆ ಕೂರುವ ಬಾಚಣಿಗೆ ಕ್ಯಾಪು ಹಾಕಿ ಅರ್ಧ ಇಂಚು ಉಳಿಸಿದೆವು. ಟವೆಲ್ಲಿನ ಮೇಲೆ ಗದ್ದವಿಟ್ಟು ತೊಗರಿ ನಿಂತಳು. ಎಡಗಿವಿಯ ಬಳಿ ಎರಡು ಸಲ ಗದ್ದ ಎತ್ತಿದಳು, ಎರಡು ಸಲವೂ ಯಂತ್ರ ನಿಂತಿತು. ಹಿಂಭಾಗ ಮುಗಿಯುವ ಹೊತ್ತಿಗೆ ಆಕಳಿಸತೊಡಗಿದಳು. ಅದು ನಿದ್ದೆಯ ಆಕಳಿಕೆಯಲ್ಲ, ಸಾಕಾಯಿತೆಂಬ ಸೂಚನೆ. ಉಳಿದ ಮುಖದ ಭಾಗವನ್ನು ಮರುದಿನಕ್ಕೆ ಬಿಟ್ಟೆವು. ಜೋರು ಗಾಳಿಯ ಬ್ಲೋವರನ್ನು ಬಳಸಲೇ ಇಲ್ಲ, ಟವೆಲ್ಲು ಮತ್ತು ಫ್ಯಾನು ಸಾಕಾದವು.

ಉಗುರಿನ ಕೆಲಸ ಇನ್ನೂ ಬಾಕಿ ಇದೆ. ಮುಂಗಾಲುಗಳಿಗೆ ಐದೈದು, ಹಿಂಗಾಲುಗಳಿಗೆ ನಾಲ್ಕು ನಾಲ್ಕು, ಒಟ್ಟು 18. ತೊಗರಿಯ ಉಗುರು ಕಪ್ಪಗಿರುವುದರಿಂದ ಒಳಗಿನ ರಕ್ತನಾಳ ಎಲ್ಲಿಯವರೆಗಿದೆಯೆಂದು ಹೊರಗಿನಿಂದ ಕಾಣುವುದಿಲ್ಲ. ಒಂದೇ ಏಟಿಗೆ ಕತ್ತರಿಸದೆ ತೆಳ್ಳಗೆ ಕೊಯ್ಯುತ್ತ, ಕೊಯ್ದ ಮುಖದ ನಡುವೆ ಕಪ್ಪು ಚುಕ್ಕೆ ಮೂಡಿದೊಡನೆ ನಿಲ್ಲಿಸುತ್ತೇನೆ. ದಿನಕ್ಕೆ ಒಂದೇ ಉಗುರು. ಬಲಗಡೆಯ ಹಿಂಗಾಲನ್ನು ಮುಟ್ಟಿದರೆ ಈಗಲೂ ಎಳೆದುಕೊಳ್ಳುತ್ತಾಳೆ, ಅದಕ್ಕಾಗಿ ಮೇಜನ್ನು ಮತ್ತೆ 40ರ ಕಾಲಿಗೆ ಇಳಿಸಿದ್ದೇನೆ.